38 ಪುಟದ ಜೆರಾಕ್ಸು ಮತ್ತು ಸೆಕ್ಷನ್ 52



ಇದು ಉದ್ದದ ಪೋಸ್ಟು. ಬಿಡುವು ಮಾಡಿಕೊಂಡು ಓದಿ. ಮೇಷ್ಟ್ರುಗಳು, ಅತಿಥಿ ಉಪನ್ಯಾಸಕರು, ಹಾಸ್ಟೆಲ್ ಹುಡುಗರು, ಜೆರಾಕ್ಸ್ ಅಂಗಡಿ ಇಟ್ಕೊಂಡಿರೋ ನಮ್ಮವರು ತಪ್ಪದೇ ಓದಿ.

ಹೋದ ತಿಂಗಳು ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ನಮ್ಮ ಅಧ್ಯಯನ ಶಿಬಿರಗಳಲ್ಲೇ ಬೆಳೆದವಳು. ಅವರ ಮನೆಯಲ್ಲಿ ಡಿಗ್ರಿ ಮುಟ್ಟಿದ ಮೊದಲನೆಯವಳು. ಈಗ ಒಂದು ತಾಲ್ಲೂಕು ಊರಿನ ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್. "ಅಣ್ಣಾ, ನಮ್ಮ ಪ್ರಿನ್ಸಿಪಾಲ್ರು ಜೆರಾಕ್ಸ್ ಮಾಡಿಸಬೇಡಿ ಅಂತಾ ಇದಾರೆ. ಕಾಪಿರೈಟ್ ಕೇಸ್ ಆಗುತ್ತಂತೆ. ಅಂಗಡಿಯವನೂ ಹೆದರಿಕೊಂಡು ವಾಪಸ್ ಕೊಟ್ಟ" ಅಂದಳು.

ಏನು ಜೆರಾಕ್ಸ್ ಮಾಡಿಸೋಕೆ ಹೋಗಿದ್ದೆ ಅಂತ ಕೇಳಿದೆ. ಎರಡು ಪಾಠ. ಒಂದು, ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ'ದ ಪುಟಗಳು. ಇನ್ನೊಂದು, ಜಾತಿ ಬಗ್ಗೆ ಒಂದು ದೊಡ್ಡ ಇಂಗ್ಲಿಷ್ ಪ್ರಕಾಶಕರ ಪುಸ್ತಕದ ಒಂದೇ ಒಂದು ಅಧ್ಯಾಯ. ಒಟ್ಟು 38 ಪುಟ, ಕ್ಲಾಸಿನಲ್ಲಿ 42 ಮಕ್ಕಳು. ಆ ಪುಸ್ತಕದ ಬೆಲೆ ಸಾವಿರದ ಮೇಲಿದೆ. ಮಕ್ಕಳಲ್ಲಿ ಮುಕ್ಕಾಲು ಪಾಲು ಸ್ಕಾಲರ್‌ಶಿಪ್ ಬಂದರೆ ಬಸ್ ಪಾಸ್ ಮಾಡಿಸೋರು.

"ನಾವು ಕಳ್ಳತನ ಮಾಡ್ತಾ ಇದೀವಾ ಅಣ್ಣಾ?" ಅಂತ ಕೇಳಿದಳು.

ಆ ಮಾತು ನನ್ನನ್ನ ಬಿಡಲಿಲ್ಲ. ಓದಿದ್ದಕ್ಕೆ, ಓದಿಸಿದ್ದಕ್ಕೆ ಕಳ್ಳರು ಅನ್ನಿಸಿಕೊಳ್ಳೋ ಭಯ ನಮ್ಮ ಜನಕ್ಕೆ ಹೊಸದಲ್ಲ. ಆದರೆ ಈ ಸಲ ಆ ಭಯಕ್ಕೆ ಕಾನೂನಿನಲ್ಲಿ ಆಧಾರ ಇದೆಯಾ ಅಂತ ನೋಡಬೇಕು. ನೋಡಿದೆ. ಆ ಚರಿತ್ರೆ ಇಲ್ಲಿದೆ.

ಎರಡು ಬೇಲಿ, ಎರಡು ಚರಿತ್ರೆ

ಮೊದಲು ಒಂದು ಎಚ್ಚರಿಕೆ. ನಮ್ಮಲ್ಲಿ ಕೆಲವರು ಭಾಷಣದ ಹುರುಪಿನಲ್ಲಿ "ಕಾಪಿರೈಟ್ ಅನ್ನೋದೇ ಮನುವಾದ" ಅಂದುಬಿಡ್ತಾರೆ. ನಾನು ಹಾಗೆ ಅನ್ನಲ್ಲ.

ಶೂದ್ರ ವೇದ ಕೇಳಿಸಿಕೊಂಡರೆ ಅವನ ಕಿವಿಗೆ ಕರಗಿಸಿದ ಲೋಹ, ಅರಗು ತುಂಬಬೇಕು ಅಂತ ಗೌತಮ ಧರ್ಮಸೂತ್ರ ವಿಧಿಸಿತು. ಅದು ಹುಟ್ಟು ನೋಡಿ ಹಾಕಿದ ಬೇಲಿ. ಅದಕ್ಕೆ ಅವಧಿ ಇಲ್ಲ, ವಿನಾಯಿತಿ ಇಲ್ಲ, ಮೇಲ್ಮನವಿ ಇಲ್ಲ. 1848ರಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಪುಣೆಯ ಭಿಡೆವಾಡಾದಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದು ಮುರಿದದ್ದು ಆ ಬೇಲಿಯನ್ನ. ಶಾಲೆಗೆ ನಡೆದು ಹೋಗುವಾಗ ಸಾವಿತ್ರಿಬಾಯಿ ಮೇಲೆ ಸಗಣಿ, ಮಣ್ಣು ಎರಚಿದವರು ಕಾಯುತ್ತಾ ಇದ್ದದ್ದೂ ಆ ಬೇಲಿಯನ್ನೇ.

ಕಾಪಿರೈಟ್ ಹುಟ್ಟಿದ್ದು ಬೇರೆ ಕಡೆ, ಬೇರೆ ಕಾರಣಕ್ಕೆ. 1710ರಲ್ಲಿ ಇಂಗ್ಲೆಂಡಿನಲ್ಲಿ ರಾಣಿ ಆನ್ ಕಾಲದಲ್ಲಿ ಮೊದಲ ಕಾಯ್ದೆ ಬಂತು. ಆ ಕಾಯ್ದೆಯ ಹೆಸರಲ್ಲೇ ಕಲಿಕೆಗೆ ಪ್ರೋತ್ಸಾಹ ಅನ್ನೋ ಮಾತಿತ್ತು. ಹೊಸ ಪುಸ್ತಕಕ್ಕೆ 14 ವರ್ಷದ ಹಕ್ಕು. ಅದು ಮುಗಿದಾಗ ಲೇಖಕ ಬದುಕಿದ್ದರೆ ಇನ್ನೊಂದು 14 ವರ್ಷ. ಆಮೇಲೆ ಪುಸ್ತಕ ಎಲ್ಲರದ್ದು. ಬರೆದವನಿಗೆ ಹೊಟ್ಟೆಪಾಡು ಸಿಗಲಿ, ಕೊನೆಗೆ ಸಮಾಜಕ್ಕೆ ಪುಸ್ತಕ ಸಿಗಲಿ ಅನ್ನೋ ಒಪ್ಪಂದ ಅದು. ಬರ್ತಾ ಬರ್ತಾ ಅವಧಿ ಬೆಳೆಯಿತು. ಬ್ರಿಟಿಷರು ನಮ್ಮ ಮೇಲೆ ಹೇರಿದ 1914ರ ಕಾಯ್ದೆ ಹೊತ್ತಿಗೆ ಅದು ಲೇಖಕರ ಜೀವಿತಾವಧಿ ಮತ್ತು ಸತ್ತ ಮೇಲೆ 50 ವರ್ಷ ಆಗಿತ್ತು.

ಹಾಗಾಗಿ ಈ ಬೇಲಿಗೆ ಗೇಟು ಇದೆ, ಅವಧಿ ಇದೆ, ವಿನಾಯಿತಿ ಇದೆ. ಗೇಟು ಎಲ್ಲಿದೆ ಅನ್ನೋದನ್ನ ನಮಗೆ ಯಾರೂ ತೋರಿಸಿಲ್ಲ, ಅಷ್ಟೇ.

ಪುಸ್ತಕ ಬರೆದು ತಾವೇ ಅಚ್ಚು ಹಾಕಿಸಿದವರು

ಈ ವಿಷಯದಲ್ಲಿ ಬಾಬಾಸಾಹೇಬರ ಬದುಕೇ ಒಂದು ಪಾಠ.

1936. ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲದವರು ಅವರನ್ನ ಅಧ್ಯಕ್ಷ ಭಾಷಣಕ್ಕೆ ಕರೆದರು. ಭಾಷಣದ ಪ್ರತಿ ಓದಿ ಗಾಬರಿ ಬಿದ್ದರು, ಕೆಲವು ಭಾಗ ತೆಗೆಯಿರಿ ಅಂದರು. ಬಾಬಾಸಾಹೇಬರು ಒಂದು ಅಲ್ಪವಿರಾಮವನ್ನೂ ಬದಲಿಸೋಕೆ ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯಿತು. ಆಗ ಅವರು ಆ ಭಾಷಣವನ್ನ ತಮ್ಮದೇ ಖರ್ಚಿನಲ್ಲಿ 'ಜಾತಿ ವಿನಾಶ'ದ ಹೆಸರಲ್ಲಿ ಅಚ್ಚು ಹಾಕಿಸಿದರು. ಮೊದಲ ಮುದ್ರಣ 1500 ಪ್ರತಿ. ಎರಡೇ ತಿಂಗಳಲ್ಲಿ ಖಾಲಿ. 1937ರ ಎರಡನೇ ಮುದ್ರಣದ ಹೊತ್ತಿಗೆ ಗುಜರಾತಿ, ತಮಿಳು ಅನುವಾದ ಬಂದಿತ್ತು. ಮರಾಠಿ, ಹಿಂದಿ, ಪಂಜಾಬಿ, ಮಲಯಾಳಂ ಅನುವಾದ ನಡೀತಾ ಇತ್ತು.

ಇಲ್ಲಿ ಗಮನಿಸಿ. ವೇದಿಕೆ ಕಿತ್ತುಕೊಂಡವರಿಗೆ ಮಾತು ಕಿತ್ತುಕೊಳ್ಳೋಕೆ ಆಗಲಿಲ್ಲ, ಯಾಕಂದರೆ ಬರಹದ ಹಕ್ಕು ಬರೆದವರ ಕೈಯಲ್ಲಿತ್ತು. ಒಂದು ಅಕ್ಷರ ತೆಗೆಯದೆ ಅಚ್ಚು ಹಾಕಿಸುವ ಹಕ್ಕು ಅದು. ನಮ್ಮ ಬರಹಗಾರರಿಗೆ ಈ ಹಕ್ಕು ಎಷ್ಟು ದೊಡ್ಡದು ಅಂತ ಮರೀಬಾರದು. ಇದಕ್ಕೆ ಮತ್ತೆ ಬರ್ತೀನಿ.

ಇಪ್ಪತ್ತು ವರ್ಷದ ಮೇಲಿನ ಇನ್ನೊಂದು ಘಟನೆ ನೋಡಿ. 1956ರ ಸೆಪ್ಟೆಂಬರ್ 14. ದೇಶದ ಮೊದಲ ಕಾನೂನು ಮಂತ್ರಿ, ಸಂವಿಧಾನದ ಕರಡು ಸಮಿತಿ ಅಧ್ಯಕ್ಷರಾಗಿದ್ದವರು, ಪ್ರಧಾನಿ ನೆಹರೂಗೆ ಕಾಗದ ಬರೀತಾರೆ. 'ಬುದ್ಧ ಮತ್ತು ಆತನ ಧಮ್ಮ' ಅಚ್ಚಾಗಬೇಕು, ಮುದ್ರಣಕ್ಕೆ ಸುಮಾರು 20,000 ರೂಪಾಯಿ ಬೇಕು, ಅದು ತಮ್ಮ ಶಕ್ತಿ ಮೀರಿದ್ದು, ಬುದ್ಧ ಜಯಂತಿ ಲೆಕ್ಕದಲ್ಲಿ ಸರ್ಕಾರ 500 ಪ್ರತಿ ಕೊಳ್ಳಬಹುದೇ ಅಂತ. ಅದಕ್ಕಿಟ್ಟ ಹಣ ಮುಗಿದಿದೆ ಅಂತ ಉತ್ತರ ಬಂತು. ಡಿಸೆಂಬರ್ 6ಕ್ಕೆ ಬಾಬಾಸಾಹೇಬರು ಹೋದರು. ಪುಸ್ತಕ ಹೊರಬಂದದ್ದು 1957ರಲ್ಲಿ, ಅವರೇ ಕಟ್ಟಿದ ಶಿಕ್ಷಣ ಸಂಸ್ಥೆಯ ಸಿದ್ಧಾರ್ಥ ಕಾಲೇಜಿನ ಪ್ರಕಾಶನದಿಂದ.

ನಮ್ಮ ಪುಸ್ತಕಗಳ ಕಥೆ ಹೀಗಿದೆ. ಬರೆಯೋದು ಕಷ್ಟ, ಅಚ್ಚು ಹಾಕಿಸೋದು ಇನ್ನೂ ಕಷ್ಟ.

ಪೆಟ್ಟಿಗೆಯಿಂದ ಸಂಪುಟಕ್ಕೆ

ಅವರು ತೀರಿಕೊಂಡಾಗ ಅಚ್ಚಾಗದ ಹಸ್ತಪ್ರತಿಗಳು ರಾಶಿ ಇದ್ದವು. ಅವು ವರ್ಷಗಟ್ಟಲೆ ಪೆಟ್ಟಿಗೆಗಳಲ್ಲೇ ಉಳಿದವು. ಮಹಾರಾಷ್ಟ್ರ ಸರ್ಕಾರ 1976ರಲ್ಲಿ ಸಮಿತಿ ಮಾಡಿತು. ವಸಂತ ಮೂನ್ ಅವರು ಆ ಕಾಗದಗಳನ್ನ ಸೇರಿಸಿ, ಜೋಡಿಸಿ, ಸಂಪಾದಿಸೋ ಕೆಲಸಕ್ಕೆ ತಮ್ಮ ಬದುಕನ್ನೇ ಕೊಟ್ಟರು. 1979ರ ಏಪ್ರಿಲ್ 14ಕ್ಕೆ ಮೊದಲ ಸಂಪುಟ ಬಂತು. 1987ರಲ್ಲಿ ನಾಲ್ಕನೇ ಸಂಪುಟವಾಗಿ 'ರಿಡಲ್ಸ್ ಇನ್ ಹಿಂದೂಯಿಸಂ' ಬಂದಾಗ ಆದ ಗಲಾಟೆ ಹಿರಿಯರಿಗೆ ನೆನಪಿರಬೇಕು. ಪುಸ್ತಕ ಸುಟ್ಟರು. ರಾಮ ಕೃಷ್ಣರ ಭಾಗ ತೆಗೆಯಿರಿ ಅಂದರು. 1988ರ ಫೆಬ್ರವರಿಯಲ್ಲಿ ನಮ್ಮ ಜನ ಲಕ್ಷಗಟ್ಟಲೆ ಮುಂಬೈ ಬೀದಿಗೆ ಇಳಿದ ಮೇಲೆ ಪುಸ್ತಕ ಉಳಿಯಿತು. ಆ ವಿಚಾರಗಳಿಗೆ ಸರ್ಕಾರದ ಸಹಮತ ಇಲ್ಲ ಅನ್ನೋ ಒಂದು ಸಾಲು ಸೇರಿಸಿಕೊಂಡು ಉಳಿಯಿತು.

ಸಂಪುಟ ಬಂದ ಮಾತ್ರಕ್ಕೆ ಕೈಗೆ ಸಿಕ್ಕಿತು ಅಂತಲ್ಲ. ಪ್ರತಿ ಮುಗಿದರೆ ಮರುಮುದ್ರಣಕ್ಕೆ ವರ್ಷಗಳ ಕಾಯುವಿಕೆ. ಮುದ್ರಣ ಕುಂಟುತ್ತಿದೆ ಅನ್ನೋ ಪತ್ರಿಕಾ ವರದಿ ನೋಡಿ 2021ರಲ್ಲಿ ಬಾಂಬೆ ಹೈಕೋರ್ಟೇ ಸ್ವಯಂಪ್ರೇರಿತವಾಗಿ ವಿಷಯ ಕೈಗೆತ್ತಿಕೊಳ್ಳಬೇಕಾಯಿತು. ಕನ್ನಡದಲ್ಲಿ ನಾವು ಒಂದಷ್ಟು ಪುಣ್ಯವಂತರು. ಸರ್ಕಾರದ ವತಿಯಿಂದ ಸಂಪುಟಗಳು ಅನುವಾದ ಆಗಿ ಕಡಿಮೆ ಬೆಲೆಗೆ ಬಂದಿವೆ.

ಆದರೆ ನನ್ನ ಪೀಳಿಗೆ ಬಾಬಾಸಾಹೇಬರನ್ನ ಓದಿದ್ದು ಸಂಪುಟದಲ್ಲಿ ಅಲ್ಲ. 1973ರ ಬೂಸಾ ಗಲಾಟೆ ಆದ ಮೇಲೆ ದಲಿತ ಸಂಘರ್ಷ ಸಮಿತಿ ಕಟ್ಟಿದ ಹಿರಿಯರು ಹಳ್ಳಿಹಳ್ಳಿಗೆ ತಂದದ್ದು ಸೈಕ್ಲೋಸ್ಟೈಲ್ ಹಾಳೆ, ಕರಪತ್ರ, ಕೈಬರಹದ ನೋಟ್‌ಬುಕ್ಕು. ನಮ್ಮ ಹಾಸ್ಟೆಲ್ಲಿನಲ್ಲಿ 'ಜಾತಿ ವಿನಾಶ'ದ ಒಂದೇ ಪ್ರತಿ ಇತ್ತು. ರಟ್ಟು ಹೋಗಿತ್ತು. ಒಬ್ಬ ಓದಿ ಹೇಳೋದು, ಇಬ್ಬರು ಬರ್ಕೊಳ್ಳೋದು. ನನ್ನ ಹತ್ತಿರ ಆ ನೋಟ್‌ಬುಕ್ ಈಗಲೂ ಇದೆ. ಮೂರು ಜನರ ಕೈಬರಹ ಅದರಲ್ಲಿದೆ. ಅದು ಕಳ್ಳತನ ಆಗಿದ್ದರೆ ನಾನು ಓದಿದ ಕಳ್ಳ.

60 ವರ್ಷದ ಲೆಕ್ಕ

ಈಗ ಕಾನೂನಿಗೆ ಬರೋಣ. ಸ್ವತಂತ್ರ ಭಾರತದ ಕಾಪಿರೈಟ್ ಕಾಯ್ದೆ 1957ರದ್ದು. ಜಾರಿಗೆ ಬಂದದ್ದು 1958ರ ಜನವರಿಯಲ್ಲಿ. ಅವಧಿ ಆಗಲೂ ಲೇಖಕರು ತೀರಿಕೊಂಡ ಮೇಲೆ 50 ವರ್ಷ. ಆ ಲೆಕ್ಕದಲ್ಲಿ ಬಾಬಾಸಾಹೇಬರು ಬದುಕಿದ್ದಾಗ ಅಚ್ಚಾದ ಪುಸ್ತಕಗಳು 2007ರ ಜನವರಿ 1ಕ್ಕೆ ಎಲ್ಲರ ಸ್ವತ್ತು ಆಗಬೇಕಿತ್ತು.

ಆಗಲಿಲ್ಲ. ಯಾಕೆ ಗೊತ್ತಾ? ರವೀಂದ್ರನಾಥ ಠಾಕೂರರು ತೀರಿಕೊಂಡದ್ದು 1941ರಲ್ಲಿ. 1991 ಮುಗಿದರೆ ಅವರ ಕೃತಿಗಳ ಹಕ್ಕು ವಿಶ್ವಭಾರತಿಯ ಕೈ ತಪ್ಪುತ್ತೆ ಅಂತ ದೊಡ್ಡ ಚರ್ಚೆ ಎದ್ದಿತು. 1991ರ ಡಿಸೆಂಬರ್ 28ಕ್ಕೆ, ಗಡುವಿಗೆ ಮೂರೇ ದಿನ ಇರುವಾಗ, ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. 50 ಹೋಗಿ 60 ಆಯಿತು. ಅದು ಠಾಕೂರರಿಗೆ ಮಾತ್ರ ಅನ್ವಯ ಆಗಲಿಲ್ಲ. ಇಡೀ ದೇಶದ ಲೇಖಕರಿಗೆ ಆಯಿತು. ಬಾಬಾಸಾಹೇಬರ ಜನ್ಮ ಶತಮಾನೋತ್ಸವ ನಡೆದ ವರ್ಷದಲ್ಲೇ ಅವರ ಪುಸ್ತಕಗಳ ಬಾಗಿಲು ಇನ್ನೂ ಹತ್ತು ವರ್ಷ ಮುಂದಕ್ಕೆ ಹೋಯಿತು. 2017ರ ಜನವರಿ 1ಕ್ಕೆ ತೆರೆಯಿತು. ಆಗ ನಾವೆಲ್ಲ ಇಲ್ಲೇ "ಬಾಬಾಸಾಹೇಬರು ಈಗ ಎಲ್ಲರ ಸ್ವತ್ತು" ಅಂತ ಪೋಸ್ಟ್ ಹಾಕಿದ್ದು ನೆನಪಿದೆಯಲ್ಲ?

ಆ ಪೋಸ್ಟಲ್ಲಿ ಅರ್ಧ ತಪ್ಪಿತ್ತು. ನಾನೂ ಹಾಕಿದ್ದೆ, ಹಾಗಾಗಿ ನಾನೇ ತಿದ್ದಬೇಕು.

ಕಾಯ್ದೆಯ 24ನೇ ಸೆಕ್ಷನ್ ನೋಡಿ. ಲೇಖಕರು ತೀರಿಕೊಂಡ ಮೇಲೆ ಮೊದಲ ಸಲ ಪ್ರಕಟವಾದ ಬರಹಕ್ಕೆ 60 ವರ್ಷದ ಎಣಿಕೆ ಶುರುವಾಗೋದು ಸತ್ತ ದಿನದಿಂದ ಅಲ್ಲ, ಪ್ರಕಟವಾದ ಮಾರನೇ ವರ್ಷದಿಂದ. ಲೆಕ್ಕ ಹಾಕಿ.

'ಜಾತಿ ವಿನಾಶ' 1936ರಲ್ಲೇ ಬಂದದ್ದು. ಮೂಲ ಈಗ ಮುಕ್ತ.

'ಬುದ್ಧ ಮತ್ತು ಆತನ ಧಮ್ಮ' 1957ರಲ್ಲಿ ಬಂತು. ಅದರ ಮೂಲ ಮುಕ್ತವಾದದ್ದು 2018ರ ಜನವರಿ 1ಕ್ಕೆ.

'ರಿಡಲ್ಸ್' ಬಂದದ್ದು 1987ರಲ್ಲಿ. 2047 ಮುಗಿಯೋವರೆಗೂ ಹಕ್ಕು ಇರುತ್ತೆ.

'ವೇಟಿಂಗ್ ಫಾರ್ ಎ ವೀಸಾ' ಬಾಬಾಸಾಹೇಬರು 1930ರ ದಶಕದ ಮಧ್ಯದಲ್ಲಿ ಕೈಬರಹದಲ್ಲಿ ಬರೆದಿಟ್ಟದ್ದು. ಪೀಪಲ್ಸ್ ಎಜುಕೇಷನ್ ಸೊಸೈಟಿ ಅದನ್ನ ಪುಸ್ತಿಕೆಯಾಗಿ ತಂದದ್ದು 1990ರಲ್ಲಿ. ಹಾಗಾಗಿ ಅದು 2050 ಮುಗಿಯೋವರೆಗೂ ಬಾಗಿಲ ಒಳಗೇ.

ಒಂದು ನಿಮಿಷ ಇದನ್ನ ಯೋಚನೆ ಮಾಡಿ. ಮಸೂರು ರೈಲ್ವೆ ಸ್ಟೇಷನ್ನಿನಲ್ಲಿ ಇಳಿದ ಮಗು. ಜಾತಿ ಗೊತ್ತಾದ ಮೇಲೆ ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿ ತಾವೇ ಹೊಡ್ಕೊಂಡು ಹೋಗಬೇಕಾಗಿ ಬಂದದ್ದು. ಬುತ್ತಿ ಇದ್ದರೂ ನೀರು ಸಿಗದೆ ರಾತ್ರಿ ಹಸಿದು ಮಲಗಿದ್ದು. ಬರೋಡದಲ್ಲಿ ದೊಡ್ಡ ಓದು ಓದಿ ಬಂದ ಮನುಷ್ಯನಿಗೆ ತಲೆ ಮೇಲೆ ಸೂರು ಸಿಗದೇ ಇದ್ದದ್ದು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಠ್ಯವಾಗಿ ಓದಿಸುವ ಬರಹ ಇದು. ನಮ್ಮ ತಾಲ್ಲೂಕು ಕಾಲೇಜಿನ 42 ಮಕ್ಕಳಿಗೆ ಇದನ್ನ ಕೊಡೋಕೆ 2051ರವರೆಗೆ ಕಾಯಬೇಕಾ?

ಬೇಡ. ಇಲ್ಲಿ ಬರುತ್ತೆ ಸೆಕ್ಷನ್ 52.

ಒಂದು ಜೆರಾಕ್ಸ್ ಅಂಗಡಿಯ ಕೇಸು

1957ರ ಕಾಯ್ದೆ ಮಾಡಿದವರು ಅದರಲ್ಲೇ ಒಂದು ಗೇಟು ಇಟ್ಟಿದ್ದರು. ಪಾಠ ಹೇಳುವ ಕ್ರಮದಲ್ಲಿ ಮೇಷ್ಟ್ರಾಗಲಿ ವಿದ್ಯಾರ್ಥಿಯಾಗಲಿ ಯಾವುದೇ ಕೃತಿಯನ್ನ ನಕಲು ಮಾಡಿದರೆ ಅದು ಹಕ್ಕಿನ ಉಲ್ಲಂಘನೆ ಅಲ್ಲ. ಪ್ರಶ್ನೆಪತ್ರಿಕೆಯಲ್ಲಿ ಬಳಸಿದರೆ, ಉತ್ತರದಲ್ಲಿ ಬರೆದರೆ, ಅದೂ ಅಲ್ಲ. ಈಗಿನ ಲೆಕ್ಕದಲ್ಲಿ ಅದು ಸೆಕ್ಷನ್ 52(1)(ಐ). ಐವತ್ತು ವರ್ಷ ಈ ಸಾಲು ಸುಮ್ಮನೆ ಮಲಗಿತ್ತು. ಅದನ್ನ ಎಬ್ಬಿಸಿದ್ದು ದೆಹಲಿಯ ಒಂದು ಜೆರಾಕ್ಸ್ ಅಂಗಡಿ.

ದೆಹಲಿ ವಿಶ್ವವಿದ್ಯಾಲಯದ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿ ರಾಮೇಶ್ವರಿ ಫೋಟೋಕಾಪಿ ಸರ್ವೀಸಸ್ ಅಂತ ಪುಟ್ಟ ಅಂಗಡಿ. ಅಧ್ಯಾಪಕರು ಸಿಲೆಬಸ್ಸಿಗೆ ಬೇಕಾದ ಅಧ್ಯಾಯಗಳ ಪಟ್ಟಿ ಕೊಡೋರು, ಅಂಗಡಿಯವರು ಅವನ್ನ ಒಟ್ಟು ಮಾಡಿ 'ಕೋರ್ಸ್ ಪ್ಯಾಕ್' ಕಟ್ಟಿ ಕೊಡೋರು. ಮೀಸಲಾತಿಯಿಂದ ಮೊದಲ ಸಲ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮಕ್ಕಳಿಗೆ ಆ ಪ್ಯಾಕೇ ಲೈಬ್ರರಿ.

2012ರ ಆಗಸ್ಟಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್, ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್, ಟೇಲರ್ ಅಂಡ್ ಫ್ರಾನ್ಸಿಸ್ ಸೇರಿಕೊಂಡು ಈ ಅಂಗಡಿ ಮತ್ತು ವಿಶ್ವವಿದ್ಯಾಲಯದ ಮೇಲೆ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿದವು. ಅಕ್ಟೋಬರ್‌ನಲ್ಲಿ ತಡೆಯಾಜ್ಞೆಯೂ ಬಂತು. ಕೋರ್ಸ್ ಪ್ಯಾಕ್ ನಿಂತಿತು.

ಪ್ರಕಾಶಕರ ವಾದ ಹೀಗಿತ್ತು. ಆ ವಿನಾಯಿತಿ ಕ್ಲಾಸ್‌ರೂಮಿನ ನಾಲ್ಕು ಗೋಡೆ ಒಳಗೆ ಮೇಷ್ಟ್ರು-ವಿದ್ಯಾರ್ಥಿ ನಡುವೆ ಮಾತ್ರ. ಅಂಗಡಿಯವನು ಮೇಷ್ಟ್ರಲ್ಲ, ವ್ಯಾಪಾರಿ. ಬೇಕಿದ್ದರೆ ಲೈಸೆನ್ಸ್ ಹಣ ಕಟ್ಟಿ ನಕಲು ಮಾಡಿ.

ಮಕ್ಕಳು ಸುಮ್ಮನೆ ಕೂರಲಿಲ್ಲ. ವಿದ್ಯಾರ್ಥಿಗಳು ಒಂದು ಸಂಘ, ಅಧ್ಯಾಪಕರು ಇನ್ನೊಂದು ಸಂಘ ಕಟ್ಟಿಕೊಂಡು ಕೇಸಿನಲ್ಲಿ ತಾವೂ ಪಕ್ಷಗಾರರಾದರು. 300ಕ್ಕೂ ಹೆಚ್ಚು ಲೇಖಕರು, ಅಧ್ಯಾಪಕರು ಪ್ರಕಾಶಕರಿಗೆ ಪತ್ರ ಬರೆದು ಕೇಸ್ ವಾಪಸ್ ತಗೊಳ್ಳಿ ಅಂದರು. ಅಮರ್ತ್ಯ ಸೇನ್ ಅವರೂ ಪ್ರಕಾಶಕರಿಗೆ ಪತ್ರ ಬರೆದು ಆಕ್ಷೇಪಿಸಿದರು. ಯಾರ ಪುಸ್ತಕ ನಕಲಾಗ್ತಾ ಇದೆ ಅಂತ ದೂರಿತ್ತೋ ಆ ಲೇಖಕರಲ್ಲೇ ಹಲವರು, ನಮ್ಮ ಹೆಸರಲ್ಲಿ ಈ ಕೇಸ್ ಬೇಡ ಅಂದರು.

2016ರ ಸೆಪ್ಟೆಂಬರ್ 16ಕ್ಕೆ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ತೀರ್ಪು ಕೊಟ್ಟರು. ದಾವೆ ವಜಾ. ತೀರ್ಪಿನ ಸಾರ ನನ್ನ ಮಾತಲ್ಲಿ ಹೇಳ್ತೀನಿ. ಕಾಪಿರೈಟ್ ದೇವರು ಕೊಟ್ಟ ಹಕ್ಕಲ್ಲ, ಹುಟ್ಟಿನಿಂದ ಬಂದ ಹಕ್ಕೂ ಅಲ್ಲ. ಅದು ಕಾಯ್ದೆ ಕೊಟ್ಟ ಹಕ್ಕು. ಜ್ಞಾನ ಬೆಳೆಯಲಿ ಅಂತ ಕೊಟ್ಟದ್ದು, ತಡೆಯಲಿ ಅಂತಲ್ಲ. ತಾವು ಕಾನೂನು ಓದುವಾಗ ಹುಡುಗರು ಸರದಿ ಪ್ರಕಾರ ಲೈಬ್ರರಿಯಲ್ಲಿ ಕೂತು ಪುಟಗಟ್ಟಲೆ ಕೈಯಲ್ಲಿ ಬರ್ಕೊಳ್ತಾ ಇದ್ದದ್ದನ್ನ ಅವರು ನೆನೆಸಿಕೊಂಡರು. ಕೈಯಲ್ಲಿ ಬರ್ಕೊಂಡಾಗ ತಪ್ಪಲ್ಲದ್ದು ಮಷೀನಿನಲ್ಲಿ ತೆಗೆದಾಗ ಹೇಗೆ ತಪ್ಪಾಗುತ್ತೆ ಅನ್ನೋದು ಅವರ ತರ್ಕ.

ಅದನ್ನ ಓದಿದಾಗ ನನಗೆ ನಮ್ಮ ಹಾಸ್ಟೆಲ್ಲಿನ ನೋಟ್‌ಬುಕ್ಕು ಕಣ್ಣಮುಂದೆ ಬಂತು.

ಪ್ರಕಾಶಕರು ಮೇಲ್ಮನವಿ ಹೋದರು. 2016ರ ಡಿಸೆಂಬರ್ 9ಕ್ಕೆ ವಿಭಾಗೀಯ ಪೀಠ, ನ್ಯಾಯಮೂರ್ತಿಗಳಾದ ಪ್ರದೀಪ್ ನಂದ್ರಾಜೋಗ್ ಮತ್ತು ಯೋಗೇಶ್ ಖನ್ನಾ, ಮೂಲ ತತ್ವ ಎತ್ತಿಹಿಡಿಯಿತು. ಪಾಠದ ಕ್ರಮ ಅಂದರೆ ಬೆಲ್ ಹೊಡೆದು ಮತ್ತೆ ಬೆಲ್ ಹೊಡೆಯೋವರೆಗಿನ ಒಂದು ಗಂಟೆ ಮಾತ್ರ ಅಲ್ಲ. ಅಂಗಡಿಯವರು ಮಧ್ಯೆ ಬಂದರು ಅಂತ ಹಕ್ಕು ಹೋಗಲ್ಲ. ಇಷ್ಟೇ ಶೇಕಡಾ, ಇಷ್ಟೇ ಪುಟ ಅನ್ನೋ ಮಿತಿ ಕಾಯ್ದೆಯಲ್ಲಿಲ್ಲ. ಆದರೆ ಪೀಠ ಒಂದು ಅಳತೆಗೋಲು ಇಟ್ಟಿತು. ನಕಲು ಮಾಡಿದ್ದು ಆ ಪಾಠದ ಉದ್ದೇಶಕ್ಕೆ ನಿಜವಾಗಿ ಬೇಕಿತ್ತಾ? ಆ ಪ್ರಶ್ನೆಯನ್ನೂ, ಕೆಲವು ಪುಸ್ತಕಗಳನ್ನ ಇಡಿಯಾಗಿ ನಕಲು ಮಾಡಿದ ಆರೋಪವನ್ನೂ ವಿಚಾರಣೆಗೆ ವಾಪಸ್ ಕಳಿಸಿತು.

ವಿಚಾರಣೆ ಮುಗಿಯಲಿಲ್ಲ. 2017ರ ಮಾರ್ಚಿನಲ್ಲಿ ಮೂರೂ ಪ್ರಕಾಶಕರು ದಾವೆ ಹಿಂದಕ್ಕೆ ತಗೊಂಡರು. ನಕಲು ಲೈಸೆನ್ಸ್ ಕೊಡುವ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. 2017ರ ಮೇ 9ಕ್ಕೆ ಅದೂ ವಜಾ ಆಯಿತು.

ಹಾಗಾಗಿ ತಂಗೀ, ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ. ನೀನು ಕಳ್ಳತನ ಮಾಡ್ತಾ ಇಲ್ಲ. ಸಂಸತ್ತು ನಿನಗೆ ಕೊಟ್ಟ ಹಕ್ಕು ಬಳಸ್ತಾ ಇದೀಯ.

ನಮ್ಮವನ ಚೀಲ

ಇಲ್ಲಿಗೆ ನಿಲ್ಲಿಸಿದರೆ ಲೈಕ್ ಜಾಸ್ತಿ ಬರುತ್ತೆ. ಆದರೆ ಇನ್ನೊಂದು ಹೇಳಲೇಬೇಕು. ಇದು ನನ್ನದೇ ತಪ್ಪು.

ಕೆಲವು ವರ್ಷದ ಹಿಂದೆ ಒಂದು ಭೀಮ ಜಯಂತಿ. ಪುಸ್ತಕದ ಸ್ಟಾಲ್ ಹತ್ತಿರ ನಿಂತಿದ್ದೆ. ನಮ್ಮವನೇ ಒಬ್ಬ ಹುಡುಗ, ಸಣ್ಣ ಪ್ರಕಾಶನ ನಡೆಸೋನು, ಚೀಲದಲ್ಲಿ ಪುಸ್ತಕ ಹೊತ್ಕೊಂಡು ಊರೂರು ತಿರುಗೋನು, ಹತ್ತಿರ ಬಂದ. "ಅಣ್ಣಾ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಗ್ರೂಪಲ್ಲಿ ನಮ್ಮ ಪುಸ್ತಕದ ಪಿಡಿಎಫ್ ಓಡಾಡ್ತಾ ಇದೆ" ಅಂದ. ಅಷ್ಟೇ ಅಂದದ್ದು. ಅವನು 500 ಪ್ರತಿ ಅಚ್ಚು ಹಾಕಿಸೋಕೆ ಹೆಂಡತಿ ಸರ ಅಡ ಇಟ್ಟಿದ್ದ ಅಂತ ಆಮೇಲೆ ಬೇರೆಯವರಿಂದ ಗೊತ್ತಾಯಿತು. ಆ ಪಿಡಿಎಫ್ ಹಾಕಿದ್ದು ನಾನೇ. ಕೆಳಗೆ "ಜ್ಞಾನ ಎಲ್ಲರದ್ದು, ಹಂಚಿ" ಅಂತ ಬೇರೆ ಬರೆದಿದ್ದೆ.

ಅಳಿಸಿದೆ. ಕ್ಷಮೆ ಕೇಳಿದೆ. ಆದರೆ ಅಷ್ಟರಲ್ಲಿ ಅದು ಎಷ್ಟು ಮೊಬೈಲ್ ಸೇರಿತ್ತೋ.

1936ರಲ್ಲಿ ಬಾಬಾಸಾಹೇಬರಿಗೆ ಯಾವ ಹಕ್ಕು ಆಸರೆ ಆಯಿತೋ, ಆ ಹುಡುಗನಿಗೂ ಅದೇ ಹಕ್ಕು ಆಸರೆ. ಪಾಠಕ್ಕೆ ಬೇಕಾದ ಅಧ್ಯಾಯ 42 ಮಕ್ಕಳಿಗೆ ಕೊಡೋದು ಬೇರೆ. ಇಡೀ ಪುಸ್ತಕವನ್ನ ಸಾವಿರ ಜನರ ಗ್ರೂಪಿಗೆ ಸುರಿಯೋದು ಬೇರೆ. ಮೊದಲನೆಯದಕ್ಕೆ ಸೆಕ್ಷನ್ 52 ಇದೆ. ಎರಡನೆಯದಕ್ಕೆ ಇಲ್ಲ, ಇರಲೂಬಾರದು.

ಏನು ಮಾಡಬಹುದು, ಏನು ಮಾಡಬಾರದು

ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ.

1. ಮೇಷ್ಟ್ರುಗಳು ಪಾಠಕ್ಕೆ ಬೇಕಾದ ಅಧ್ಯಾಯ, ಲೇಖನ, ಕವಿತೆ ನಕಲು ಮಾಡಿಸಿ ತಮ್ಮ ವಿದ್ಯಾರ್ಥಿಗಳಿಗೆ ಕೊಡಬಹುದು. ಸಿಲೆಬಸ್ಸಿನ ಯಾವ ಭಾಗಕ್ಕೆ ಯಾವ ಅಧ್ಯಾಯ ಅಂತ ಒಂದು ಪಟ್ಟಿ ಬರೆದಿಡಿ. ಲೇಖಕರ ಹೆಸರು, ಪುಸ್ತಕದ ಹೆಸರು, ಪ್ರಕಾಶಕರ ಹೆಸರು ಮೊದಲ ಪುಟದಲ್ಲೇ ಹಾಕಿ. ನಾಳೆ ಯಾರಾದರೂ ಕೇಳಿದರೆ ಆ ಪಟ್ಟಿಯೇ ನಿಮ್ಮ ಉತ್ತರ.

2. ಇಡೀ ಪುಸ್ತಕ ನಕಲು ಮಾಡಿಸಬೇಡಿ. ಕೋರ್ಟ್ ಅದನ್ನ ಕಣ್ಣುಮುಚ್ಚಿ ಒಪ್ಪಿಲ್ಲ. ಮಾರಾಟಕ್ಕೆ ಅಂತ ರಾಶಿ ಹಾಕಿಸಿ ಇಟ್ಟುಕೊಳ್ಳಬೇಡಿ.

3. ಆ ತೀರ್ಪು ವಿಶ್ವವಿದ್ಯಾಲಯದ ಪಾಠದ ಬಗ್ಗೆ. ಕೇರಿಯ ಸಂಜೆ ಶಾಲೆ, ಓದು ಬಳಗ ನಡೆಸೋರು ಇನ್ನೂ ಹುಷಾರಾಗಿರಿ. ಯಾರು ಕಲಿಸ್ತಾರೆ, ಯಾರು ಕಲೀತಾರೆ, ಏನು ಪಾಠ ಅಂತ ದಾಖಲೆ ಇಡಿ. ಬೇಕಾದಷ್ಟೇ ಪುಟ ತಗೊಳ್ಳಿ.

4. ಮೂಲ ಮುಕ್ತ ಅಂದರೆ ಅನುವಾದ ಮುಕ್ತ ಅಲ್ಲ. ಜೋತಿಬಾ 1890ರಲ್ಲಿ, ಸಾವಿತ್ರಿಬಾಯಿ 1897ರಲ್ಲಿ ತೀರಿಕೊಂಡವರು. ಅವರು ಬದುಕಿದ್ದಾಗ ಪ್ರಕಟಿಸಿದ ಮರಾಠಿ ಮೂಲ ಎಲ್ಲರದ್ದು. ಆದರೆ ಇವತ್ತಿನ ಕನ್ನಡ ಅನುವಾದಕರ ದುಡಿಮೆಗೆ ಅವರದೇ ಹಕ್ಕು ಇದೆ. ಹೊಸ ಪುಸ್ತಕ ಮಾಡೋರು ಅನುಮತಿ ಕೇಳಿ.

5. ಕೋರ್ಟ್ ತೀರ್ಪು, ಗೆಜೆಟ್‌ನಲ್ಲಿ ಬಂದದ್ದು, ಸದನದಲ್ಲಿ ಮಂಡಿಸಿದ ಆಯೋಗಗಳ ವರದಿ, ಇವನ್ನ ಮರುಮುದ್ರಿಸೋದು ಉಲ್ಲಂಘನೆ ಅಲ್ಲ. ಹಂಚೋಕೆ ನಿಷೇಧ ಹಾಕಿದ್ದರೆ ಮಾತ್ರ ನೋಡಿಕೊಳ್ಳಿ. 1982ರಲ್ಲಿ ಸಂಸತ್ತಿನಲ್ಲಿ ಮಂಡಿಸಿದ ಮಂಡಲ್ ವರದಿಯನ್ನ ಎಷ್ಟು ಮೇಷ್ಟ್ರು ಕ್ಲಾಸಿನಲ್ಲಿ ಓದಿಸಿದ್ದೀರಿ?

6. ಕಣ್ಣು ಕಾಣದ ಮಕ್ಕಳಿಗಾಗಿ ಪುಸ್ತಕವನ್ನ ಬ್ರೈಲ್‌ಗೆ, ಆಡಿಯೋಗೆ ಬದಲಿಸೋಕೆ 2012ರ ತಿದ್ದುಪಡಿ ದಾರಿ ಮಾಡಿಕೊಟ್ಟಿದೆ. ಲಾಭಕ್ಕೆ ಮಾಡಬಾರದು, ಆ ಮಕ್ಕಳನ್ನ ಬಿಟ್ಟು ಬೇರೆಯವರಿಗೆ ಹಂಚಬಾರದು.

7. ಕಾಲೇಜಲ್ಲಿ ಮಕ್ಕಳು, ಮೇಷ್ಟ್ರುಗಳು ನಾಟಕ ಮಾಡಿ, ನೋಡೋರು ಮಕ್ಕಳು, ಸಿಬ್ಬಂದಿ, ಪೋಷಕರು ಮಾತ್ರ ಆಗಿದ್ದರೆ ಅದಕ್ಕೂ ವಿನಾಯಿತಿ ಇದೆ. ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ಜನರ ಮುಂದೆ ಹಾಡಿದರೂ ಇದೆ. ಸಿದ್ದಲಿಂಗಯ್ಯನವರು 2021ರಲ್ಲಿ ನಮ್ಮನ್ನ ಬಿಟ್ಟು ಹೋದರು. ಅವರ ಹಾಡುಗಳ ಹಕ್ಕು 2081ರ ಕೊನೆವರೆಗೂ ಇರುತ್ತೆ. ಧರಣಿಯಲ್ಲಿ ನಮ್ಮ ತಂಡಗಳು ಹಾಡೋಕೆ ಅದು ಅಡ್ಡಿ ಇಲ್ಲ. ಅದೇ ಹಾಡನ್ನ ರೆಕಾರ್ಡ್ ಮಾಡಿ ಮಾರಬೇಕಾದರೆ ಅನುಮತಿ ಬೇಕು.

8. ನಮ್ಮವರ ಪುಸ್ತಕ ಕೊಂಡು ಓದಿ. ಒಂದು ಪ್ರತಿ ಕಾಲೇಜು ಲೈಬ್ರರಿಗೆ ಕೊಡಿಸಿ.

ಕಡೆಗೆ ಆ ತಂಗಿಯ ವಿಷಯ. ಅವಳು ತೀರ್ಪಿನ ಮುಖ್ಯ ಪುಟಗಳನ್ನೇ ಜೆರಾಕ್ಸ್ ಮಾಡಿಸಿ ಪ್ರಿನ್ಸಿಪಾಲರ ಟೇಬಲ್ ಮೇಲಿಟ್ಟಳು, ಜೊತೆಗೆ ಪಾಠದ ಪಟ್ಟಿ. ಅವರು ಓದಿದರು, "ಬರವಣಿಗೆಯಲ್ಲಿ ನಾನೇನೂ ಕೊಡಲ್ಲಮ್ಮ, ನಿನ್ನ ಜವಾಬ್ದಾರಿ ಮೇಲೆ ಮಾಡಿಸ್ಕೋ" ಅಂದರಂತೆ. ಅತಿಥಿ ಉಪನ್ಯಾಸಕಿಯ ಜವಾಬ್ದಾರಿ ಅಂದರೆ ಏನು ಅಂತ ನಿಮಗೆ ಗೊತ್ತಲ್ಲ, ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಅನ್ನೋದು. ಆದರೂ ಮಾಡಿಸಿದಳು. ಬಸ್ ಸ್ಟ್ಯಾಂಡ್ ಹತ್ತಿರದ ಬೇರೆ ಅಂಗಡಿಯಲ್ಲಿ, 42 ಸೆಟ್.

ಮೊದಲ ದಿನ ಮಸೂರು ಸ್ಟೇಷನ್ನಿನ ಭಾಗ ಗಟ್ಟಿಯಾಗಿ ಓದಿಸಿದಳಂತೆ. ನೀರು ಸಿಗದ ರಾತ್ರಿ ಬಂದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, "ಮೇಡಂ, ಈ ಹಾಳೆ ಮನೆಗೆ ತಗೊಂಡು ಹೋಗಬಹುದಾ? ನಮ್ಮ ಅವ್ವನಿಗೆ ಓದಿ ಹೇಳಬೇಕು" ಅಂತ ಕೇಳಿದನಂತೆ.

ಹೋಗು ಮಗ. ಆ ಹಾಳೆ ನಿನ್ನದು. ಅವ್ವನಿಗೆ ಓದಿ ಹೇಳೋದನ್ನ ಯಾವ ಸೆಕ್ಷನ್ನೂ ತಡೆಯಲ್ಲ.

ನಿಮ್ಮ ಕಾಲೇಜಲ್ಲೂ ಹೀಗೆ ಹೆದರಿಸಿದ್ದರೆ ಕೆಳಗೆ ಬರೀರಿ. ಕಾನೂನು ಬಲ್ಲ ಗೆಳೆಯರು ನಾನು ತಪ್ಪಿದ್ದರೆ ತಿದ್ದಿ. ಈ ಪೋಸ್ಟನ್ನ ಕೇಳದೇ ಹಂಚಿ, ನಕಲು ಮಾಡಿ, ಅಚ್ಚು ಹಾಕಿಸಿ. ಬರೆದವನೇ ಅನುಮತಿ ಕೊಡ್ತಾ ಇದ್ದೇನೆ.

ಜೈಭೀಮ್.